ಉಳಿದಿದ್ದ 24 ನಿಮಿಷ ಬಿಟ್ಟುಕೊಟ್ಟ ಕೋಚ್: ಕಂಠೀರವದ ಆ ರಾತ್ರಿ ಸರಿ ಯಾವುದು, ತಪ್ಪು ಯಾವುದು?

ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ತಂಡಗಳ ಮಾತು ಬಂದರೆ ಸಾಕು, ಫುಟ್ಬಾಲ್ ಪ್ರಿಯರ ನಡುವೆ ಒಂದು ಹಳೆಯ ವಾದ ಮತ್ತೆ ತಲೆ ಎತ್ತುತ್ತದೆ. 2023ರ ಮಾರ್ಚ್ 3ರ ರಾತ್ರಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಕೇರಳದ ಕೋಚ್ ಇವಾನ್ ವುಕೊಮಾನೊವಿಚ್ ತಮ್ಮ ಆಟಗಾರರನ್ನು ಅರ್ಧ ಪಂದ್ಯದಲ್ಲೇ ಮೈದಾನದಿಂದ ಹೊರಗೆ ಕರೆದುಕೊಂಡು ಹೋಗಿದ್ದು ಸರಿಯೇ, ತಪ್ಪೇ?

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಿಗೆ ಇದು ದೂರದ ಊರಿನ ಸುದ್ದಿಯಲ್ಲ. ಉಕ್ಕಡಂನಲ್ಲಿ ಬಸ್ಸು ಹತ್ತಿದರೆ ವಾಳಯಾರ್ ದಾಟಿ ಪಾಲಕ್ಕಾಡ್. ಗಾಂಧಿಪುರಂನಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಷ್ಟರಲ್ಲಿ ಬೆಂಗಳೂರು. ತಲೆಮಾರುಗಳಿಂದ ಮನೆಯಲ್ಲಿ ಕನ್ನಡವಾಡುವ ದೇವಾಂಗ ಕುಟುಂಬಗಳು, ಕೆಲಸಕ್ಕೆಂದು ಕರ್ನಾಟಕದಿಂದ ಬಂದವರು, ಗಡಿಯಾಚೆಯ ಮಲಯಾಳಿಗಳು, ಚೆನ್ನೈಯಿನ್ ತಂಡವನ್ನು ಮೆಚ್ಚುವ ತಮಿಳರು ಎಲ್ಲರೂ ಒಂದೇ ಊರಿನಲ್ಲಿ ಇರುವ ಜಾಗ ಇದು. ಇಲ್ಲಿ ಒಂದು ಟೀ ಅಂಗಡಿಯ ಬೆಂಚಿನ ಮೇಲೆ ಮೂರು ತಂಡಗಳ ಅಭಿಮಾನಿಗಳು ಕೂರಬಹುದು. ಹಾಗಾಗಿ ಈ ವಾದದ ಎರಡೂ ಪಕ್ಕದ ಮಾತು ಇಲ್ಲಿ ಕೇಳಸಿಗುತ್ತದೆ.

ಆದರೆ ಈ ವಾದ ಎಂದೂ ಮುಗಿಯದಿರಲು ಒಂದು ಕಾರಣವಿದೆ. ಜನ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಎಂದುಕೊಂಡು ಜಗಳವಾಡುತ್ತಿದ್ದಾರೆ. ಸುನಿಲ್ ಛೆಟ್ರಿ ಹೊಡೆದ ಗೋಲು ನ್ಯಾಯವೇ ಎಂಬುದು ಒಂದು ಪ್ರಶ್ನೆ. ಗೋಲು ಅನ್ಯಾಯ ಎಂದೇ ಇಟ್ಟುಕೊಂಡರೂ ಮೈದಾನ ಬಿಡಬಹುದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕೊಟ್ಟ ಉತ್ತರ ಎರಡನೆಯದಕ್ಕೆ ಉತ್ತರವಾಗುವುದಿಲ್ಲ.

ಅಂದು ನಡೆದಿದ್ದೇನು?

ಅದು 2022-23ರ ಇಂಡಿಯನ್ ಸೂಪರ್ ಲೀಗ್‌ನ ಪ್ಲೇ-ಆಫ್ ಪಂದ್ಯ. ಆರು ತಂಡಗಳಿಗೆ ಪ್ಲೇ-ಆಫ್ ಅವಕಾಶ ಸಿಕ್ಕ ಮೊದಲ ವರ್ಷ. ಲೀಗ್‌ನಲ್ಲಿ ಬೆಂಗಳೂರು 34 ಅಂಕಗಳೊಂದಿಗೆ ನಾಲ್ಕನೇ ಸ್ಥಾನ, ಕೇರಳ 31 ಅಂಕಗಳೊಂದಿಗೆ ಐದನೇ ಸ್ಥಾನ ಪಡೆದಿದ್ದವು. ಒಂದೇ ಪಂದ್ಯ. ಗೆದ್ದವರು ಮುಂಬೈ ಸಿಟಿ ವಿರುದ್ಧ ಸೆಮಿಫೈನಲ್‌ಗೆ, ಸೋತವರು ಮನೆಗೆ.

ಬೆಂಗಳೂರು ಲೀಗ್‌ನ ಕೊನೆಯ ಎಂಟು ಪಂದ್ಯಗಳನ್ನು ಸತತವಾಗಿ ಗೆದ್ದು ಬಂದಿತ್ತು. ಕೇರಳ ಕೊನೆಯ ಮೂರು ಪಂದ್ಯಗಳನ್ನು ಸತತವಾಗಿ ಸೋತು ಬಂದಿತ್ತು. ಆದರೂ ಎದುರಾಳಿಯ ನೆಲದಲ್ಲಿ ಕೇರಳ 90 ನಿಮಿಷ ಗಟ್ಟಿಯಾಗಿ ನಿಂತಿತು. ಸ್ಕೋರು 0-0. ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯಿತು.

96ನೇ ನಿಮಿಷ. ಕೇರಳದ ಪೆನಾಲ್ಟಿ ಬಾಕ್ಸ್‌ನ ಹೊರಗೆ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಗೋಲ್‌ಕೀಪರ್ ಪ್ರಭ್‌ಸುಖನ್ ಗಿಲ್ ಆಟಗಾರರ ಗೋಡೆ ನಿಲ್ಲಿಸುವ ಗಡಿಬಿಡಿಯಲ್ಲಿದ್ದರು. ಅಷ್ಟರಲ್ಲಿ ಛೆಟ್ರಿ ಚೆಂಡನ್ನು ಮೆಲ್ಲಗೆ ಎತ್ತಿ ಖಾಲಿ ಗೋಲಿನೊಳಗೆ ಹಾಕಿಬಿಟ್ಟರು! ರೆಫರಿ ಕ್ರಿಸ್ಟಲ್ ಜಾನ್ ಗೋಲು ಎಂದರು. ಕೇರಳದ ಆಟಗಾರರು ರೆಫರಿಯನ್ನು ಸುತ್ತುವರಿದರು. ವುಕೊಮಾನೊವಿಚ್ ಗೆರೆಯ ಬಳಿ ಬಂದು ಎಲ್ಲರನ್ನೂ ಹೊರಗೆ ಕರೆದರು. ತಂಡ ಡ್ರೆಸ್ಸಿಂಗ್ ರೂಮಿಗೆ ಹೋಯಿತು, ಮತ್ತೆ ಬರಲಿಲ್ಲ. ಬೆಂಗಳೂರಿನ ಆಟಗಾರರು ಮೈದಾನದಲ್ಲೇ ಕಾದರು. ಕೊನೆಗೆ ರೆಫರಿ ಪಂದ್ಯ ಮುಗಿಯಿತೆಂದು ಸೀಟಿ ಊದಿ ಬೆಂಗಳೂರು ಗೆದ್ದಿತೆಂದು ಸಾರಿದರು.

ಗೋಲಿನ ಲೆಕ್ಕ

ಕೇರಳದ ಅಭಿಮಾನಿಗಳ ವಾದ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಚೆಂಡಿನ ಹತ್ತಿರ ನಿಂತಿದ್ದ ಆಡ್ರಿಯಾನ್ ಲೂನಾ ಅವರನ್ನು ರೆಫರಿ ಹಿಂದೆ ಸರಿಸುತ್ತಿದ್ದರು. ಹಾಗೆ ದೂರ ಕಾಯಿಸಿದ ಮೇಲೆ ಸೀಟಿ ಆಗುವವರೆಗೆ ಕಿಕ್ ಇಲ್ಲ ಎಂದೇ ಯಾರಾದರೂ ತಿಳಿಯುತ್ತಾರೆ. ಗೋಲ್‌ಕೀಪರ್ ಗೋಡೆ ಕಟ್ಟಿಸುತ್ತಿದ್ದದ್ದೂ ಅದೇ ನಂಬಿಕೆಯಿಂದ. ಹೀಗಿರುವಾಗ ಸೀಟಿಯಿಲ್ಲದೆ ಹೊಡೆದದ್ದು ಗೋಲು ಹೇಗಾಗುತ್ತದೆ? ಇದು ಅವರ ಮಾತು.

ಛೆಟ್ರಿ ಪಂದ್ಯದ ನಂತರ ಹೇಳಿದ್ದು ಬೇರೆ. ಸೀಟಿಯೂ ಬೇಡ, ಗೋಡೆಯೂ ಬೇಡ ಎಂದು ತಾವು ರೆಫರಿಗೆ ಮೊದಲೇ ತಿಳಿಸಿದ್ದಾಗಿಯೂ, ಅದು ಲೂನಾ ಅವರಿಗೂ ಕೇಳಿಸಿತ್ತೆಂದೂ, ಮೊದಲ ಪ್ರಯತ್ನಕ್ಕೆ ಲೂನಾ ಅಡ್ಡ ಬಂದದ್ದೇ ಅದಕ್ಕೆ ಸಾಕ್ಷಿ ಎಂದೂ ಅವರು ವಿವರಿಸಿದರು.

ನಿಯಮ ಏನು ಹೇಳುತ್ತದೆ? ಪ್ರತಿ ಫ್ರೀ ಕಿಕ್‌ಗೂ ಸೀಟಿ ಬೇಕೇ ಬೇಕು ಎಂದು ಫುಟ್ಬಾಲ್ ಕಾನೂನಿನಲ್ಲಿ ಎಲ್ಲಿಯೂ ಇಲ್ಲ. ಪೆನಾಲ್ಟಿ ಕಿಕ್, ಕಾರ್ಡ್ ತೋರಿಸಿದ ನಂತರ, ಗಾಯ ಅಥವಾ ಬದಲಿ ಆಟಗಾರನ ಸಲುವಾಗಿ ಆಟ ನಿಂತ ನಂತರ ಸೀಟಿ ಬೇಕು. ಎದುರಾಳಿಗಳನ್ನು ಸರಿಯಾದ ದೂರಕ್ಕೆ, ಅಂದರೆ 9.15 ಮೀಟರ್ ಆಚೆ ನಿಲ್ಲಿಸಬೇಕಾದ ಫ್ರೀ ಕಿಕ್‌ಗೂ ಬೇಕು. ಉಳಿದಂತೆ ಬೇಗ ಹೊಡೆಯುವ ಹಕ್ಕು ಫೌಲ್‌ಗೆ ಒಳಗಾದ ತಂಡದ್ದು. ತಪ್ಪು ಮಾಡಿದವರಿಗೆ ಸಾವರಿಸಿಕೊಳ್ಳಲು ಸಮಯ ಕೊಟ್ಟರೆ ತಪ್ಪಿಗೆ ಲಾಭ ಕೊಟ್ಟಂತಾಗುತ್ತದೆ ಎಂಬುದು ಇದರ ಹಿಂದಿನ ತರ್ಕ.

ಹಾಗಾದರೆ ಇಡೀ ತಕರಾರು ಒಂದೇ ಬಿಂದುವಿಗೆ ಬಂದು ನಿಲ್ಲುತ್ತದೆ: ಆ ಕ್ಷಣದಲ್ಲಿ ರೆಫರಿ ದೂರ ಕಾಯಿಸುತ್ತಿದ್ದರೇ, ಇಲ್ಲವೇ? ಅದನ್ನು ತೀರ್ಮಾನಿಸುವ ಅಧಿಕಾರ ಕಾನೂನಿನ ಪ್ರಕಾರ ರೆಫರಿಗೇ ಇದೆ. ಐಎಸ್‌ಎಲ್‌ನಲ್ಲಿ ಆಗ ವಿಡಿಯೋ ರೆಫರಿ ವ್ಯವಸ್ಥೆಯೂ ಇರಲಿಲ್ಲ. ಕೇರಳದವರಿಗೆ ಸಿಟ್ಟು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಅದರ ಹಿಂದಿನ ವರ್ಷ, 2022ರ ಮಾರ್ಚ್ 20ರಂದು ಗೋವಾದಲ್ಲಿ ಹೈದರಾಬಾದ್ ವಿರುದ್ಧ ಫೈನಲ್‌ನಲ್ಲಿ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತ ತಂಡ ಅದು. 2014, 2016ರಲ್ಲೂ ಫೈನಲ್ ಸೋತಿತ್ತು. ಕೈಗೆ ಬಂದದ್ದು ಮೂರು ಬಾರಿ ಬಾಯಿಗೆ ಬಾರದೆ ಹೋದವರ ನೋವು ಬೇರೆಯವರಿಗೆ ಅರ್ಥವಾಗುವುದು ಕಷ್ಟ.

ಜೂಜಿನಲ್ಲಿ ಇಟ್ಟದ್ದೇನು, ಸಿಗಬಹುದಾಗಿದ್ದುದೇನು?

ಈಗ ಎರಡನೇ ಪ್ರಶ್ನೆಗೆ ಬರಬೇಕು. ಕೋಚ್ ಎಂದ ಮೇಲೆ ಅಪಾಯದ ತೀರ್ಮಾನ ತೆಗೆದುಕೊಳ್ಳಲೇಬೇಕು. ಸೋಲುತ್ತಿರುವಾಗ ಒಬ್ಬ ಡಿಫೆಂಡರ್‌ನನ್ನು ತೆಗೆದು ಸ್ಟ್ರೈಕರ್‌ನನ್ನು ಇಳಿಸುವುದು, ಕೊನೆಯ ಕಾರ್ನರ್‌ಗೆ ಗೋಲ್‌ಕೀಪರ್‌ನನ್ನೂ ಮುಂದೆ ಕಳಿಸುವುದು, ಶೂಟೌಟ್‌ಗೆ ಹೊಸ ಹುಡುಗನ ಹೆಸರು ಬರೆಯುವುದು ಎಲ್ಲವೂ ಜೂಜೇ. ಫಲಿಸಿದರೆ ಜಾಣ, ಕೈಕೊಟ್ಟರೆ ದಡ್ಡ! ಆದರೆ ಈ ಎಲ್ಲ ಜೂಜುಗಳಲ್ಲಿ ಒಂದು ಸಮಾನ ಅಂಶವಿದೆ. ಸೋಲುವ ಸಾಧ್ಯತೆ ಎಷ್ಟೇ ಹೆಚ್ಚಿರಲಿ, ಗೆಲ್ಲುವ ಸಾಧ್ಯತೆಯೂ ಒಂದಿಷ್ಟು ಇರುತ್ತದೆ.

ವುಕೊಮಾನೊವಿಚ್ ಆಡಿದ ಜೂಜನ್ನು ಈ ತಕ್ಕಡಿಯಲ್ಲಿ ತೂಗಿದರೆ ಏನು ಕಾಣುತ್ತದೆ?

ಗೋಲಾದಾಗ 96ನೇ ನಿಮಿಷ. ಪಂದ್ಯ ಮುಗಿಯಲು ಇನ್ನೂ 24 ನಿಮಿಷ ಬಾಕಿ. ಬೇಕಿದ್ದದ್ದು ಒಂದೇ ಒಂದು ಗೋಲು. ಅದು ಬಂದರೆ ಶೂಟೌಟ್. ಎದುರಿಗಿದ್ದ ಬೆಂಗಳೂರಿಗೆ ಅದುವರೆಗಿನ 95 ನಿಮಿಷಗಳಲ್ಲಿ ಕೇರಳದ ರಕ್ಷಣೆಯನ್ನು ಭೇದಿಸಲು ಆಗಿರಲಿಲ್ಲ. ಅಂದರೆ ಆಟ ಕೇರಳದ ಕೈಬಿಟ್ಟು ಹೋಗಿರಲಿಲ್ಲ.

ಇನ್ನೊಂದು ತಟ್ಟೆಯಲ್ಲಿ ಏನಿತ್ತು? ಮೈದಾನ ಬಿಟ್ಟರೆ ಪಂದ್ಯ ಕಳೆದುಕೊಳ್ಳುತ್ತೇವೆ ಎಂಬುದು ಖಚಿತ. ರೆಫರಿಯ ತೀರ್ಮಾನ ತಪ್ಪು ಎಂದು ಆಮೇಲೆ ಸಮಿತಿಯೊಂದು ಒಪ್ಪಿ ಪಂದ್ಯವನ್ನು ಮತ್ತೆ ಆಡಿಸೀತು ಎಂಬ ಆಸೆ ಮಾತ್ರ ಉಳಿದದ್ದು. ಆಟದ ನಡುವಿನ ಸಂಗತಿಗಳ ಬಗ್ಗೆ ರೆಫರಿಯ ತೀರ್ಮಾನವೇ ಅಂತಿಮ ಎಂದು ಕಾನೂನಿನ ಪುಸ್ತಕವೇ ಹೇಳುವಾಗ ಆ ಆಸೆಗೆ ಬುಡವೇ ಇರಲಿಲ್ಲ.

ಇನ್ನೂ ಒಂದು ಸಂಗತಿಯನ್ನು ವಾದ ಮಾಡುವವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಗೋಲಿನ ನಂತರ ಸೆಂಟರ್‌ನಿಂದ ಆಟ ಮತ್ತೆ ಶುರುವಾಗುವವರೆಗೆ ರೆಫರಿ ತನ್ನ ತೀರ್ಮಾನವನ್ನು ಬದಲಿಸಬಹುದು. ಸಹಾಯಕರನ್ನು ಕೇಳಬಹುದು, ನಾಲ್ಕನೇ ಅಧಿಕಾರಿಯ ಮಾತು ಕೇಳಬಹುದು. ಕೇರಳಕ್ಕೆ ನ್ಯಾಯ ಸಿಗುವ ಕಿರಿದಾದ ಬಾಗಿಲು ಅದೊಂದೇ. ಅದು ಇದ್ದದ್ದು ಮೈದಾನದ ಒಳಗೆ. ನಾಯಕ ಅಲ್ಲೇ ನಿಂತು ಕೇಳಬೇಕಿತ್ತು, ಆಕ್ಷೇಪ ದಾಖಲಿಸಬೇಕಿತ್ತು, ಆಟ ಮುಂದುವರಿಸಬೇಕಿತ್ತು. ತಂಡ ಡ್ರೆಸ್ಸಿಂಗ್ ರೂಮಿಗೆ ಹೋದ ಕ್ಷಣದಿಂದ ಚರ್ಚೆಯ ವಿಷಯವೇ ಬದಲಾಯಿತು. ರೆಫರಿ ಏನು ಮಾಡಿದರು ಎಂಬುದು ಹಿಂದಕ್ಕೆ ಸರಿದು ಕೇರಳ ಏನು ಮಾಡಿತು ಎಂಬುದು ಮುಂದೆ ಬಂತು. ದೂರು ಕೊಡಬೇಕಾದವರೇ ಆರೋಪಿಯಾದರು!

ಮೆಲ್ಬರ್ನ್‌ನಲ್ಲಿ ಗೆರೆಯ ಬಳಿ ನಿಂತವರು

ಇದು ಫುಟ್ಬಾಲ್‌ಗೆ ಮಾತ್ರ ಅಂಟಿದ ರೋಗವಲ್ಲ. ಕ್ರಿಕೆಟ್ ಅಭಿಮಾನಿಗಳು 1981ರ ಫೆಬ್ರವರಿಯ ಮೆಲ್ಬರ್ನ್ ಟೆಸ್ಟ್ ಮರೆತಿರಲಿಕ್ಕಿಲ್ಲ. ಲಿಲ್ಲಿ ಎಸೆತದಲ್ಲಿ ಎಲ್‌ಬಿ ಎಂದು ಅಂಪೈರ್ ಬೆರಳೆತ್ತಿದಾಗ ನಾಯಕ ಸುನಿಲ್ ಗಾವಸ್ಕರ್ ಕೆರಳಿದರು. ಜೊತೆಗಿದ್ದ ಚೇತನ್ ಚೌಹಾನ್ ಅವರನ್ನೂ ಎಳೆದುಕೊಂಡು ಪೆವಿಲಿಯನ್ ಕಡೆ ನಡೆದರು. ಬೌಂಡರಿ ಗೆರೆಯ ಬಳಿ ತಂಡದ ಮ್ಯಾನೇಜರ್ ಶಾಹಿದ್ ದುರಾನಿ ಎದುರಾದರು. ಚೌಹಾನ್ ಅವರನ್ನು ತಡೆದು ಒಳಗೆ ವಾಪಸ್ ಕಳಿಸಿದರು. ಆಟ ಮುಂದುವರಿಯಿತು.

ಮುಂದೆ ಆದದ್ದೇನು? 143 ರನ್ ಗುರಿ ಬೆನ್ನತ್ತಿದ ಆಸ್ಟ್ರೇಲಿಯಾ 83ಕ್ಕೆ ಆಲೌಟ್! ಕಪಿಲ್ ದೇವ್ ಐದು ವಿಕೆಟ್ ಕಿತ್ತರು. ಭಾರತ 59 ರನ್‌ಗಳಿಂದ ಗೆದ್ದು ಸರಣಿ ಸಮ ಮಾಡಿಕೊಂಡಿತು. ಮೊದಲ ಇನ್ನಿಂಗ್ಸ್‌ನಲ್ಲಿ ನಮ್ಮ ಗುಂಡಪ್ಪ ವಿಶ್ವನಾಥ್ ಹೊಡೆದಿದ್ದ 114 ರನ್ ಸಾರ್ಥಕವಾಯಿತು. ದುರಾನಿ ಆ ಗೆರೆಯ ಬಳಿ ಇರದಿದ್ದರೆ ವಿಶ್ವನಾಥ್ ಶತಕವೂ ಕಪಿಲ್ ಸಾಹಸವೂ ಇತಿಹಾಸದಲ್ಲಿ ಬೇರೆಯೇ ಆಗಿ ದಾಖಲಾಗುತ್ತಿದ್ದವು.

ಇದಕ್ಕೆ ವಿರುದ್ಧವಾದ ಉದಾಹರಣೆ 2006ರ ಆಗಸ್ಟ್ 20ರ ಓವಲ್ ಟೆಸ್ಟ್. ಚೆಂಡು ವಿರೂಪಗೊಳಿಸಿದ ಆರೋಪದ ಮೇಲೆ ಐದು ರನ್ ದಂಡ ಬಿದ್ದಾಗ ಇಂಜಮಾಮ್ ಉಲ್ ಹಕ್ ನಾಯಕತ್ವದ ಪಾಕಿಸ್ತಾನ ಟೀ ವಿರಾಮದ ನಂತರ ಮೈದಾನಕ್ಕೆ ಇಳಿಯಲಿಲ್ಲ. ಪಂದ್ಯ ಇಂಗ್ಲೆಂಡ್ ಪಾಲಾಯಿತು. ಆಮೇಲೆ ವಿಚಾರಣೆಯಲ್ಲಿ ಚೆಂಡು ವಿರೂಪದ ಆರೋಪದಿಂದ ಇಂಜಮಾಮ್ ಮುಕ್ತರಾದರು. ಆದರೂ ಆಟಕ್ಕೆ ಕೆಟ್ಟ ಹೆಸರು ತಂದದ್ದಕ್ಕೆ ನಾಲ್ಕು ಏಕದಿನ ಪಂದ್ಯಗಳ ನಿಷೇಧ ತಪ್ಪಲಿಲ್ಲ. 2008ರಲ್ಲಿ ಡ್ರಾ ಎಂದು ಬದಲಾಯಿಸಿದ ಫಲಿತಾಂಶವನ್ನು ಐಸಿಸಿ 2009ರಲ್ಲಿ ಮತ್ತೆ ಇಂಗ್ಲೆಂಡ್ ಗೆಲುವು ಎಂದೇ ಬರೆಯಿತು. ಮೂಲ ದೂರಿನಲ್ಲಿ ಸರಿ ಇದ್ದವರಿಗೂ ಮೈದಾನ ಬಿಟ್ಟ ತಪ್ಪಿಗೆ ಮಾಫಿ ಸಿಗಲಿಲ್ಲ.

ಭಾರತದ ಫುಟ್ಬಾಲ್‌ನಲ್ಲೂ ಪಾಠ ಮೊದಲೇ ಇತ್ತು. 2012ರ ಡಿಸೆಂಬರ್ 9ರ ಕೋಲ್ಕತಾ ಡರ್ಬಿಯಲ್ಲಿ ಪ್ರೇಕ್ಷಕರು ಎಸೆದ ಕಲ್ಲು ತಗುಲಿ ಮೋಹನ್ ಬಾಗಾನ್‌ನ ರಹೀಮ್ ನಬಿ ಗಾಯಗೊಂಡರು. ತಂಡ ಎರಡನೇ ಅರ್ಧ ಆಡಲು ಒಪ್ಪಲಿಲ್ಲ. ಆಟಗಾರನ ರಕ್ತ ಹರಿದ ಪ್ರಕರಣ ಅದು, ಕಾರಣ ಸಣ್ಣದಲ್ಲ. ಆದರೂ ಅಖಿಲ ಭಾರತ ಫುಟ್ಬಾಲ್ ಫೆಡರೇಶನ್ ಮೊದಲು ನಿಷೇಧ ಹೇರಿತು. 2013ರ ಜನವರಿಯಲ್ಲಿ ಅದನ್ನು ತೆಗೆದು 2 ಕೋಟಿ ರೂಪಾಯಿ ದಂಡ ಹಾಕಿತು, ಅದುವರೆಗಿನ ಅಂಕಗಳನ್ನು ಸೊನ್ನೆ ಮಾಡಿತು. ಕಲ್ಲೇಟಿಗೇ ಆ ಶಿಕ್ಷೆಯಾದರೆ ಫ್ರೀ ಕಿಕ್ ತಕರಾರಿಗೆ ಕರುಣೆ ನಿರೀಕ್ಷಿಸುವುದು ಹೇಗೆ?

ಬಿಲ್ಲು ಬಂದದ್ದು ಯಾರ ಹೆಸರಿಗೆ?

ಕೇರಳದ ದೂರನ್ನು ಫೆಡರೇಶನ್‌ನ ಶಿಸ್ತು ಸಮಿತಿ ತಿರಸ್ಕರಿಸಿತು. 2023ರ ಮಾರ್ಚ್ 31ರಂದು ಆದೇಶ ಬಂತು. ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ, ಮೋಹನ್ ಬಾಗಾನ್ ಕಟ್ಟಬೇಕಾಗಿ ಬಂದದ್ದರ ಎರಡು ಪಟ್ಟು. ಕೋಚ್‌ಗೆ 10 ಪಂದ್ಯಗಳ ನಿಷೇಧ, 5 ಲಕ್ಷ ರೂಪಾಯಿ ದಂಡ. ಬಹಿರಂಗ ಕ್ಷಮೆ ಕೇಳದಿದ್ದರೆ ದಂಡ ಕ್ರಮವಾಗಿ 6 ಕೋಟಿ ಮತ್ತು 10 ಲಕ್ಷಕ್ಕೆ ಏರುತ್ತಿತ್ತು. ಕ್ಲಬ್ಬೂ ಕೋಚೂ ಕ್ಷಮೆ ಕೇಳಿದರು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ನಿಷೇಧದ ಹತ್ತು ಪಂದ್ಯಗಳು ಮೂರು ಟೂರ್ನಿಗಳಿಗೆ ಹರಡಿಕೊಂಡವು. ಸೂಪರ್ ಕಪ್‌ನಲ್ಲಿ ಮೂರು, ಡ್ಯುರಾಂಡ್ ಕಪ್‌ನಲ್ಲಿ ಮೂರು, ಹೊಸ ಐಎಸ್‌ಎಲ್ ಋತುವಿನಲ್ಲಿ ನಾಲ್ಕು. ಅದರಲ್ಲೂ ಸೂಪರ್ ಕಪ್ ನಡೆದದ್ದು ಕೇರಳದಲ್ಲೇ, ಕೋಳಿಕ್ಕೋಡ್ ಮತ್ತು ಮಂಜೇರಿಯಲ್ಲಿ. ತವರಿನ ಜನ ಟಿಕೆಟ್ ಕೊಂಡು ಬಂದರು, ಕೋಚ್ ಡಗ್‌ಔಟ್‌ನಲ್ಲಿರಲಿಲ್ಲ. ತಂಡ ಗುಂಪು ಹಂತದಲ್ಲೇ ಹೊರಬಿತ್ತು. ವುಕೊಮಾನೊವಿಚ್ ಮರಳಿ ಗೆರೆಯ ಬಳಿ ನಿಂತದ್ದು 2023ರ ಅಕ್ಟೋಬರ್ 27ರಂದು, ಕೊಚ್ಚಿಯಲ್ಲಿ ಒಡಿಶಾ ವಿರುದ್ಧ 2-1ರಿಂದ ಗೆದ್ದ ಪಂದ್ಯದಲ್ಲಿ.

ಆದರೂ ಅಭಿಮಾನಿಗಳು ಅವರನ್ನು ಕೈಬಿಡಲಿಲ್ಲ. ಅವರು ಪ್ರೀತಿಯಿಂದ ಕರೆಯುತ್ತಿದ್ದದ್ದು 'ಆಶಾನ್' ಎಂದು, ಅಂದರೆ ಗುರುಗಳು. ನಮ್ಮ ಪರವಾಗಿ ಒಬ್ಬರಾದರೂ ಎದ್ದು ನಿಂತರಲ್ಲ ಎಂಬ ಭಾವನೆ ಆ ಪ್ರೀತಿಯ ಹಿಂದಿತ್ತು. ಅದನ್ನು ಹಗುರವಾಗಿ ಕಾಣಬೇಕಿಲ್ಲ. ರೆಫರಿಗಳ ಗುಣಮಟ್ಟದ ಬಗ್ಗೆ ಐಎಸ್‌ಎಲ್‌ನ ಬಹುತೇಕ ತಂಡಗಳ ಅಭಿಮಾನಿಗಳು ಒಂದಲ್ಲ ಒಂದು ಸಲ ಗೊಣಗಿದವರೇ. ಆ ಎಲ್ಲರ ಸಿಟ್ಟಿಗೆ ವುಕೊಮಾನೊವಿಚ್ ಆ ರಾತ್ರಿ ಮುಖವಾದರು.

ಆದರೆ ಎದ್ದು ನಿಲ್ಲುವುದಕ್ಕೂ ಎದ್ದು ಹೋಗುವುದಕ್ಕೂ ವ್ಯತ್ಯಾಸವಿದೆ. ಆ 24 ನಿಮಿಷ ಕೋಚ್ ಒಬ್ಬರ ಸ್ವತ್ತಾಗಿರಲಿಲ್ಲ. ಲೀಗ್‌ನ 20 ಪಂದ್ಯ ಆಡಿ ಅಲ್ಲಿಗೆ ಬಂದಿದ್ದ ಆಟಗಾರರದ್ದು ಅದು. ಬಸ್ಸು, ರೈಲು ಹಿಡಿದು ಬೆಂಗಳೂರಿಗೆ ಬಂದು ಹಳದಿ ಅಂಗಿ ತೊಟ್ಟು ಕೂತಿದ್ದವರದ್ದು. ತಮ್ಮ ತಂಡ ಹೋರಾಡಿ ಸೋತಿತು ಎಂದು ಹೇಳಿಕೊಳ್ಳುವ ಸಮಾಧಾನವೂ ಅವರಿಗೆ ಉಳಿಯಲಿಲ್ಲ.

ಬೆಂಗಳೂರಿಗೂ ನಷ್ಟ

ಬೆಂಗಳೂರು ಅಭಿಮಾನಿಗಳು ಗೆದ್ದೆವೆಂದು ಬೀಗಲು ಇದರಲ್ಲಿ ಹೆಚ್ಚೇನಿಲ್ಲ. ಸೈಮನ್ ಗ್ರೇಸನ್ ತರಬೇತಿಯ ತಂಡ ಸೆಮಿಫೈನಲ್‌ನಲ್ಲಿ ಮುಂಬೈಯನ್ನು ಶೂಟೌಟ್‌ನಲ್ಲಿ 9-8ರಿಂದ ಮಣಿಸಿತು. ಮಾರ್ಚ್ 18ರ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗಾನ್ ವಿರುದ್ಧ 2-2ರ ನಂತರ ಶೂಟೌಟ್‌ನಲ್ಲಿ 4-3ರಿಂದ ಸೋತಿತು. ಆ ಫೈನಲ್‌ನಲ್ಲೂ ಪೆನಾಲ್ಟಿ ತೀರ್ಮಾನಗಳ ಬಗ್ಗೆ ಗೊಣಗಾಟವಿತ್ತು. ಆದರೆ ಬೆಂಗಳೂರು ಕೊನೆಯ ಕಿಕ್‌ವರೆಗೆ ಆಡಿತು. ಕಂಠೀರವದ ಗೆಲುವಿನ ಬಗ್ಗೆ ಮಾತ್ರ ಇಂದಿಗೂ 'ಪೂರ್ತಿ ಆಡಿದ್ದರೆ?' ಎಂಬ ಪ್ರಶ್ನೆ ಅಂಟಿಕೊಂಡೇ ಇದೆ. ಆ 24 ನಿಮಿಷ ಆಡಿದ್ದರೆ ಬೆಂಗಳೂರೇ ಗೆಲ್ಲುತ್ತಿತ್ತೋ ಏನೋ. ಅದನ್ನು ತೋರಿಸುವ ಅವಕಾಶ ಅವರಿಗೂ ತಪ್ಪಿತು.

ಕೊಯಮತ್ತೂರಿನವರಿಗೆ ಗೊತ್ತಿರುವ ಮಾತು

ಉಳಿದ ನಿಮಿಷಗಳಲ್ಲಿ ಏನೆಲ್ಲ ಆಗಬಹುದು ಎಂಬುದಕ್ಕೆ ಕೊಯಮತ್ತೂರಿನವರು ಬೇರೆಡೆ ಹುಡುಕಬೇಕಿಲ್ಲ. 2019ರ ಮಾರ್ಚ್ 9ರಂದು ಇಲ್ಲಿನ ಜವಾಹರಲಾಲ್ ನೆಹರೂ ಸ್ಟೇಡಿಯಂನಲ್ಲಿ ಚೆನ್ನೈ ಸಿಟಿ ಎಫ್‌ಸಿ ಐ-ಲೀಗ್‌ನ ಕೊನೆಯ ಪಂದ್ಯ ಆಡಿತು. ಹೆಸರು ಚೆನ್ನೈಯದ್ದಾದರೂ ತವರು ನೆಲ ಈ ಊರೇ. ಒಂದು ಅಂಕ ಹಿಂದಿದ್ದ ಈಸ್ಟ್ ಬೆಂಗಾಲ್ ಅದೇ ಹೊತ್ತಿಗೆ ಕೋಳಿಕ್ಕೋಡ್‌ನಲ್ಲಿ ಆಡುತ್ತಿತ್ತು. ಮಿನರ್ವಾ ಪಂಜಾಬ್ ಆರಂಭದಲ್ಲೇ ಗೋಲು ಹೊಡೆದು ಊರಿನ ಎದೆಬಡಿತ ಹೆಚ್ಚಿಸಿತು. ಅರ್ಧ ಸಮಯಕ್ಕೆ ಚೆನ್ನೈ ಸಿಟಿ 0-1ರಿಂದ ಹಿಂದೆ.

ಸಿಂಗಪುರದ ಕೋಚ್ ಅಕ್ಬರ್ ನವಾಸ್ ಅವರ ಹುಡುಗರು ಎರಡನೇ ಅರ್ಧದಲ್ಲಿ ಮೂರು ಗೋಲು ಹೊಡೆದರು. ಪೆಡ್ರೊ ಮಾಂಜಿ ಪೆನಾಲ್ಟಿಯಲ್ಲಿ ಒಂದು, ಗೌರವ್ ಬೋರಾ ಎರಡು. 3-1ರ ಗೆಲುವು, 43 ಅಂಕ, ಪ್ರಶಸ್ತಿ! ಈಸ್ಟ್ ಬೆಂಗಾಲ್ ತನ್ನ ಪಂದ್ಯ ಗೆದ್ದರೂ 42ಕ್ಕೆ ನಿಂತಿತು. 2021-22ರ ಐ-ಲೀಗ್ ಹೊತ್ತಿಗೆ ಆ ಕ್ಲಬ್ಬೇ ಲೀಗ್‌ನಲ್ಲಿ ಇಲ್ಲವಾಯಿತು, ಅದು ಬೇರೆ ಕಥೆ. ಆದರೆ ಅಂದು ನೆಹರೂ ಸ್ಟೇಡಿಯಂನಲ್ಲಿ ಕೂತಿದ್ದವರಿಗೆ ಹಿಂದೆ ಬಿದ್ದಿರುವುದಕ್ಕೂ ಸೋತಿರುವುದಕ್ಕೂ ಇರುವ ಅಂತರ ಚೆನ್ನಾಗಿ ಗೊತ್ತು.

ತೀರ್ಪು ಏನು?

ಗೋಲಿನ ಬಗ್ಗೆ ಎರಡು ಅಭಿಪ್ರಾಯ ಇರಬಹುದು. ರೆಫರಿ ಇನ್ನಷ್ಟು ಸ್ಪಷ್ಟವಾಗಿ ಸನ್ನೆ ಮಾಡಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ ಎಂದು ಬೆಂಗಳೂರು ಅಭಿಮಾನಿಯೂ ಒಪ್ಪಬಹುದು. ಫ್ರೀ ಕಿಕ್ ಕೊಟ್ಟ ಕ್ಷಣದಿಂದಲೇ ಚೆಂಡಿನ ಮುಂದೆ ಒಬ್ಬ ಆಟಗಾರ ಎಚ್ಚರವಾಗಿ ನಿಲ್ಲಬೇಕು, ಗೋಲ್‌ಕೀಪರ್ ಗೆರೆ ಬಿಡಬಾರದು ಎಂದು ಕೇರಳ ಅಭಿಮಾನಿಯೂ ಒಪ್ಪಬಹುದು. ಈ ವಾದ ಮುಂದುವರಿಯಲಿ, ಆಟದ ಸೊಗಸು ಅದರಲ್ಲೇ ಇದೆ.

ಮೈದಾನ ಬಿಟ್ಟ ತೀರ್ಮಾನದ ಬಗ್ಗೆ ಮಾತ್ರ ಎರಡು ಮಾತು ಕಷ್ಟ. ಗೆಲ್ಲುವ ದಾರಿಯೇ ಇಲ್ಲದ ಜೂಜು ಅದು, ಅದನ್ನು ಆಡಿದ್ದು ಬೇರೆಯವರ ದುಡ್ಡಿನಲ್ಲಿ. 2024ರ ಏಪ್ರಿಲ್‌ನಲ್ಲಿ ವುಕೊಮಾನೊವಿಚ್ ಕ್ಲಬ್ ಬಿಟ್ಟರು. ಮೂರು ಋತುಗಳಲ್ಲೂ ತಂಡವನ್ನು ಪ್ಲೇ-ಆಫ್‌ಗೆ ಒಯ್ದ ಅವರು ಸಾಮಾನ್ಯ ಕೋಚ್ ಅಲ್ಲ. ಅಂಥವರಿಗೂ ಒಂದು ರಾತ್ರಿ ತಲೆ ಕೆಡಬಹುದು. 1981ರಲ್ಲಿ ಗಾವಸ್ಕರ್ ಅವರಿಗೂ ಕೆಟ್ಟಿತ್ತು.

ಆದ್ದರಿಂದ ಕ್ಲಬ್‌ಗಳು ಕಲಿಯಬೇಕಾದ ಪಾಠ ಕೋಚ್‌ಗಳ ಸಿಟ್ಟಿನ ಬಗ್ಗೆ ಅಲ್ಲ, ಗೆರೆಯ ಬಗ್ಗೆ. ಸಿಟ್ಟು ಬಂದೇ ಬರುತ್ತದೆ. ಆ ಹೊತ್ತಿಗೆ ಗೆರೆಯ ಬಳಿ ಒಬ್ಬ ದುರಾನಿ ಇರಬೇಕು. 'ದೂರು ನಾನು ಬರೆಯುತ್ತೇನೆ, ನೀವು ಹೋಗಿ ಆಡಿ' ಎಂದು ಹೇಳುವ ಅಧಿಕಾರ, ಧೈರ್ಯ ಎರಡೂ ಅವರಿಗಿರಬೇಕು. ಮ್ಯಾನೇಜರ್ ಆಗಲಿ, ಸಹಾಯಕ ಕೋಚ್ ಆಗಲಿ, ನಾಯಕನೇ ಆಗಲಿ. ಕಂಠೀರವದಲ್ಲಿ ಆ ರಾತ್ರಿ ಕೇರಳದ ಕಡೆ ಹನ್ನೊಂದು ಆಟಗಾರರಿದ್ದರು, ಬೆಂಚಿನ ತುಂಬ ಜನರಿದ್ದರು. ತಂಡವನ್ನು ಒಳಗೆ ತಿರುಗಿಸುವ ಆ ಒಬ್ಬರು ಮಾತ್ರ ಇರಲಿಲ್ಲ.